ನಾಲ್ಕು ಗಂಟೆಯ ಬ್ಯಾಟರಿ

ಲ್ಯಾಪ್‌ಟಾಪ್ ಬ್ಯಾಟರಿಯ ಎರಡು ಪ್ಲಾಸ್ಟಿಕ್ ಹೋಳುಗಳು ಕೂಡುವ ಗೆರೆಯ ಮೇಲೆ ಹಳೆಯ ತರಕಾರಿ ಚಾಕುವನ್ನಿಟ್ಟು, ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋದೆ. ಚಾಕುವಿನ ತುದಿಯನ್ನು ಮೊದಲೇ ಕಲ್ಲಿಗೆ ಉಜ್ಜಿ ಮೊಂಡು ಮಾಡಿದ್ದೆ. ಅಲಗಿಗೆ ಟೇಪು ಸುತ್ತಿ, ಎರಡು ಮಿಲಿಮೀಟರಿಗಿಂತ ಹೆಚ್ಚು ಒಳಗೆ ಇಳಿಯದ ಹಾಗೆ ನೋಡಿಕೊಂಡಿದ್ದೆ. ಒಳಗಿನ ಸೆಲ್‌ಗೆ ಚಾಕು ನಾಟಿದರೆ ಬೆಂಕಿ ಹತ್ತುತ್ತದೆ ಎಂದು ಕೇಳಿದ್ದೆ. ಅದಕ್ಕೇ ಮನೆಯೊಳಗೆ ಕೂರದೆ ಹಿಂದಿನ ಜಗಲಿಗೆ ಬಂದಿದ್ದೆ. ಪಕ್ಕದಲ್ಲಿ ಒಂದು ಬಕೆಟ್ ಮರಳಿತ್ತು.

ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದವರು ನಮ್ಮ ಪಕ್ಕದ ಮನೆಯವರು. ಸರ್ಕಾರಿ ಕಚೇರಿಯೊಂದರಲ್ಲಿ ಟೆಲಿಫೋನ್ ಆಪರೇಟರ್. ಹುಟ್ಟಿದಾಗಿನಿಂದ ಕಣ್ಣು ಕಾಣದು. ಮಠದ ಹಾಸ್ಟೆಲ್ಲಿನಲ್ಲಿದ್ದು ಓದಿ, ಕೆಲಸಕ್ಕೆ ಸೇರಿ, ನಲವತ್ತರ ಹತ್ತಿರ ಬಂದ ಮೇಲೆ ಸಂಜೆ ಕಾಲೇಜಿನಲ್ಲಿ ಕಾನೂನು ಓದಲು ಶುರುಮಾಡಿದ್ದರು. ಕೃಷ್ಣಮೂರ್ತಿಪುರದ ನಮ್ಮ ಬೀದಿಯಲ್ಲಿ ಎಲ್ಲರೂ ಅವರನ್ನು ಆಪರೇಟರ್ ಮೇಡಂ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತಿದ್ದೆ.

"ಬಿಚ್ಚಿಕೊಳ್ತಾ?" ಎಂದು ಕೇಳಿದರು.

"ಇನ್ನೊಂದು ಮೂಲೆ ಇದೆ. ನೀವು ಸ್ವಲ್ಪ ಹಿಂದಕ್ಕೆ ಸರ್ಕೊಳಿ ಮೇಡಂ."

"ಹತ್ಕೊಂಡ್ರೆ ನಿಮಗಿಂತ ಮೊದ್ಲು ನಂಗೇ ವಾಸನೆ ಬರತ್ತೆ ಬುಡಿ," ಎಂದರು. ಆದರೂ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡರು.

ಅವರಿಗೆ ಒಂದೇ ಒಂದು ಪತ್ರಿಕೆ ಉಳಿದಿತ್ತು. ಅದರಲ್ಲಿ ಎರಡು ಸಲ ಫೇಲಾಗಿದ್ದರು. ಕಣ್ಣು ಕಾಣದವರು ಪರೀಕ್ಷೆಯಲ್ಲಿ ಬಾಯಲ್ಲಿ ಉತ್ತರ ಹೇಳಬೇಕು, ಅದನ್ನು ಬರೆದುಕೊಡಲು ಒಬ್ಬ ಸ್ಕ್ರೈಬ್ ಬರುತ್ತಾರೆ. ಆ ಸ್ಕ್ರೈಬ್ ಇವರಿಗಿಂತ ಕಡಿಮೆ ಓದಿದವರೇ ಆಗಿರಬೇಕು ಎಂಬುದು ನಿಯಮ. ಎರಡೂ ಸಲ ಬಂದವರಿಗೆ ಕಾನೂನಿನ ಪದಗಳ ಪರಿಚಯವೇ ಇರಲಿಲ್ಲ. ಇವರು ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳುವುದರಲ್ಲಿ ಅರ್ಧ ಹೊತ್ತು ಕಳೆದುಹೋಗುತ್ತಿತ್ತು. ಅವರು ಏನು ಬರೆದರೋ ಏನು ಬಿಟ್ಟರೋ ತಿಳಿಯುವ ದಾರಿಯೂ ಇರಲಿಲ್ಲ. ಈ ಸಲ ತಮ್ಮದೇ ಲ್ಯಾಪ್‌ಟಾಪಿನಲ್ಲಿ ಉತ್ತರ ಟೈಪ್ ಮಾಡಲು ಅನುಮತಿ ಕೇಳಿದ್ದರು. ಪರದೆಯ ಮೇಲಿನ ಅಕ್ಷರಗಳನ್ನು ಕಿವಿಗೆ ಓದಿ ಹೇಳುವ ತಂತ್ರಾಂಶ ಅದರಲ್ಲಿತ್ತು. ಆರು ತಿಂಗಳು ಅಲೆದ ಮೇಲೆ ಅನುಮತಿ ಪತ್ರ ಬಂತು. ಜೊತೆಗೆ ಷರತ್ತುಗಳೂ ಬಂದವು. ಹೊರಗಿನಿಂದ ವೈರು ಎಳೆಯುವಂತಿಲ್ಲ. ಮೇಲ್ವಿಚಾರಕರು ನೋಡಲು ಪರದೆ ಸದಾ ಹೊತ್ತಿರಬೇಕು. ನಡುವೆ ಯಂತ್ರ ಆರಿಹೋದರೆ ಅದಕ್ಕಾಗಿ ಬೇರೆ ಸಮಯ ಕೊಡುವುದಿಲ್ಲ. ಪರೀಕ್ಷೆ ಮೂರು ಗಂಟೆ, ಇವರಿಗೆಂದು ಹೆಚ್ಚುವರಿ ಒಂದು ಗಂಟೆ, ಒಟ್ಟು ನಾಲ್ಕು. ಹಳೆಯ ಕಟ್ಟಡದ ಆ ಕೊಠಡಿಯಲ್ಲಿ ಪ್ಲಗ್ ಪಾಯಿಂಟೇ ಇರಲಿಲ್ಲ.

ಲ್ಯಾಪ್‌ಟಾಪ್ ಯಾರೋ ಹೊರದೇಶದಲ್ಲಿ ಬಳಸಿ ದಾನ ಕೊಟ್ಟದ್ದು. ಅದರ ಬ್ಯಾಟರಿ ಹನ್ನೆರಡು ನಿಮಿಷ ನಡೆಯುತ್ತಿತ್ತು. ಆ ಮಾದರಿಯ ಬ್ಯಾಟರಿ ತಯಾರಾಗುವುದೇ ನಿಂತಿತ್ತು. ಬೆಂಗಳೂರಿನಿಂದ ತರಿಸಿದ ನಕಲು ಬ್ಯಾಟರಿಯೊಂದು ಎರಡು ಗಂಟೆಯೊಳಗೆ ಮಲಗಿತು. ಪರೀಕ್ಷೆಗೆ ಐದು ವಾರ ಇತ್ತು.

ಈ ಕೆಲಸ ನನ್ನ ಜಗಲಿಗೆ ಬಂದದ್ದು ನನ್ನ ಬಾಯಿಂದಲೇ. ಅವರು ಬ್ಯಾಟರಿಯ ಕಥೆ ಹೇಳುತ್ತಿದ್ದಾಗ, "ಒಳಗಿರೋ ಸೆಲ್‌ಗಳನ್ನ ನಿಕ್ಕಲ್ ಪಟ್ಟಿಯಿಂದ ಸ್ಪಾಟ್ ವೆಲ್ಡ್ ಮಾಡಿರ್ತಾರೆ ಅಷ್ಟೇ. ಅದು ನಾನು ದಿನಾ ಮಾಡ್ತಿದ್ದ ಕೆಲಸ ಕಣ್ರೀ," ಎಂದುಬಿಟ್ಟಿದ್ದೆ. ಟಿವಿಯ ಪಿಕ್ಚರ್ ಟ್ಯೂಬ್ ಮಾಡುವ ಕಾರ್ಖಾನೆಯಲ್ಲಿ, ಟ್ಯೂಬಿನ ಕುತ್ತಿಗೆಯೊಳಗೆ ಕೂರುವ ಗನ್ ಎಂಬ ಭಾಗವನ್ನು ಜೋಡಿಸುವ ಸಾಲಿನಲ್ಲಿ ನಾನಿದ್ದೆ. ಬಿಳಿ ಕೋಟು, ಟೋಪಿ, ಕಾಲಿನ ಕೆಳಗೆ ಪೆಡಲು, ಕಣ್ಣಿನ ಮುಂದೆ ಭೂತಗನ್ನಡಿ. ಸಾಸಿವೆಗಿಂತ ಸಣ್ಣ ಬೆಸುಗೆ, ದಿನಕ್ಕೆ ಸಾವಿರಗಟ್ಟಲೆ. ಚಪ್ಪಟೆ ಟಿವಿ ಬಂದ ಮೇಲೆ ಆ ಕೆಲಸ ನಿಂತಿತು. ಕೈಗೆ ಮಾತ್ರ ಮರೆತಿರಲಿಲ್ಲ.

ಹೋಳುಗಳು ಬಿಟ್ಟುಕೊಂಡವು. ಒಳಗೆ ಟಾರ್ಚಿನ ಸೆಲ್‌ಗಿಂತ ಕೊಂಚ ಉದ್ದನೆಯ ಆರು ಸೆಲ್‌ಗಳು ಎರಡೆರಡರ ಮೂರು ಜೋಡಿಯಾಗಿದ್ದವು. ಅವುಗಳ ಪಕ್ಕ ಬೆರಳಗಲದ ಹಸಿರು ಸರ್ಕ್ಯೂಟ್ ಬೋರ್ಡು. ಮಲ್ಟಿಮೀಟರ್ ಹಿಡಿದೆ. ಎರಡು ಜೋಡಿಗಳಲ್ಲಿ ಮೂರೂಮುಕ್ಕಾಲು ವೋಲ್ಟು ಇತ್ತು. ನಡುವಿನ ಜೋಡಿಯಲ್ಲಿ ಅರ್ಧ ವೋಲ್ಟೂ ಇರಲಿಲ್ಲ.

"ಒಂದು ಜೋಡಿ ಸತ್ತಿದೆ ಮೇಡಂ. ಮಿಕ್ಕಿದ್ದವು ಚೆನ್ನಾಗಿದ್ರೂ ಅದರಿಂದ ಕೆಲಸ ನಿಂತಿದೆ."

"ಆಫೀಸಲ್ಲೂ ಹಂಗೇ," ಎಂದರು ಅವರು.

ಸೆಲ್‌ಗಳನ್ನು ಹುಡುಕಿಕೊಂಡು ಉದಯಗಿರಿಗೆ ಹೋದೆ. ಅಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯೊಂದಿತ್ತು. ನಡುವಯಸ್ಸಿನ ಮೆಕ್ಯಾನಿಕ್ ನನ್ನ ಕೈಯಲ್ಲಿದ್ದ ಬಿಚ್ಚಿದ ಬ್ಯಾಟರಿಯನ್ನೂ ನನ್ನನ್ನೂ ಒಮ್ಮೆ ನೋಡಿದರು.

"ಇದನ್ನ ಯಾರು ಬಿಚ್ಚಿದ್ದು ಅಕ್ಕ?"

"ನಾನೇ."

"ಸೆಲ್‌ಗೆ ಒಂದು ಗೀರೂ ಆಗಿಲ್ಲ," ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಮೇಜಿನ ಕೆಳಗಿಂದ ರದ್ದಿ ಬ್ಯಾಟರಿಗಳ ಪೆಟ್ಟಿಗೆ ಎಳೆದರು. "ಹೊಸಾ ಸೆಲ್ ಬೆಂಗಳೂರಿಂದ ಬರ್ಬೇಕು. ಹೇಳ್ತೀನಿ, ಆದ್ರೆ ಯಾವಾಗ ಬರ್ತದೋ ಗ್ಯಾರಂಟಿ ಇಲ್ಲ. ಅಲ್ಲಿತನಕ ಇದ್ರಲ್ಲಿ ನೋಡಿ. ಒಂದು ಜೋಡಿ ಹೋಗಿರ್ತದೆ ಅಷ್ಟೇ, ಮಿಕ್ಕಿದ್ದು ಚೆನ್ನಾಗಿರ್ತದೆ."

ಎಂಟು ಹೊಸ ಸೆಲ್‌ಗಳಿಗೆ ಹೇಳಿ, ಮೂರು ರದ್ದಿ ಬ್ಯಾಟರಿಗಳನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ಅವುಗಳನ್ನು ಬಿಚ್ಚಿ, ಒಳ್ಳೆಯ ವೋಲ್ಟೇಜ್ ಇದ್ದ ಹನ್ನೊಂದು ಸೆಲ್‌ಗಳನ್ನು ಆರಿಸಿ ನಂಬರ್ ಬರೆದೆ.

ಇನ್ನು ವೆಲ್ಡಿಂಗ್ ಯಂತ್ರ ಬೇಕಿತ್ತು. ಲಿಥಿಯಂ ಸೆಲ್‌ಗೆ ಬೆಸುಗೆ ಕಡ್ಡಿ ಹಚ್ಚಿ ಸೀಸ ಕರಗಿಸಿದರೆ ಆ ಬಿಸಿ ಒಳಗಿಳಿದು ಸೆಲ್ಲನ್ನು ಕೆಡಿಸುತ್ತದೆ. ಸ್ಪಾಟ್ ವೆಲ್ಡಿಂಗ್‌ನಲ್ಲಿ ಕಣ್ಣು ಮಿಟುಕಿಸುವುದರೊಳಗೆ ವಿದ್ಯುತ್ತು ಹರಿದು, ಎರಡು ಚುಕ್ಕೆಗಳಷ್ಟು ಜಾಗ ಮಾತ್ರ ಕರಗಿ ಅಂಟುತ್ತದೆ. ನಮ್ಮ ಸಾಲಿನ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಮೇಂಟೆನೆನ್ಸ್ ಸೂಪರ್‌ವೈಸರ್ ನಿವೃತ್ತರಾಗಿ ಲಕ್ಷ್ಮೀಪುರದಲ್ಲಿದ್ದರು. ಹೋಗಿ ವಿಷಯ ಹೇಳಿದೆ.

"ಯಂತ್ರ ಮಾಡ್ಬೋದಮ್ಮ," ಎಂದರು. "ದೊಡ್ಡ ಕೆಪಾಸಿಟರುಗಳು ನನ್ನ ಹತ್ರ ಬಿದ್ದಿವೆ. ಅದಕ್ಕೆ ಚಾರ್ಜ್ ತುಂಬಿ, ಒಂದೇ ಸಲಕ್ಕೆ ಬಿಟ್ಬುಡೋದು. ಆದ್ರೆ ನೀನು ಅಲ್ಲಿ ಮಾಡ್ತಿದ್ದ ಹಂಗೆ ಇಲ್ಲಿ ಆಗಲ್ಲ. ಯೋಚ್ನೆ ಮಾಡಿದ್ದೀಯಾ?"

ಮಾಡಿರಲಿಲ್ಲ. ಕಾರ್ಖಾನೆಯಲ್ಲಿ ತಾಮ್ರದ ಎರಡು ಮೊನೆಗಳು ಎದುರುಬದುರು ಇರುತ್ತಿದ್ದವು. ಬೆಸೆಯುವ ತುಂಡು ಅವೆರಡರ ನಡುವೆ ಸಿಕ್ಕಿಕೊಳ್ಳುತ್ತಿತ್ತು. ಸೆಲ್ಲಿನ ಒಳಗೆ ಕೈ ಹಾಕುವ ಹಾಗಿಲ್ಲ. ಎರಡೂ ಮೊನೆಗಳನ್ನು ಮೇಲಿನಿಂದಲೇ, ಅಕ್ಕಪಕ್ಕ ಒತ್ತಬೇಕು.

ಒಂದು ವಾರದಲ್ಲಿ ಅವರು ಯಂತ್ರ ತಂದುಕೊಟ್ಟರು. ಮರದ ಹಲಗೆಯ ಮೇಲೆ ಸಾಲಾಗಿ ಕೆಪಾಸಿಟರುಗಳು, ಹೆಬ್ಬೆರಳು ಗಾತ್ರದ ವೈರುಗಳು, ತುದಿಯಲ್ಲಿ ಎರಡು ತಾಮ್ರದ ಮೊನೆ, ಕಾಲಿಗೊಂದು ಸ್ವಿಚ್ಚು. ಕೆಲಸಕ್ಕೆ ಕೂರುವ ಮುಂಚೆ ಬಳೆ ತೆಗೆದಿಟ್ಟು, ಮಾಂಗಲ್ಯದ ಸರವನ್ನು ರವಿಕೆಯೊಳಗೆ ಸೇರಿಸಿ ಪಿನ್ನು ಹಾಕಿಕೊಂಡೆ. ಸರ ಜೋತು ಸೆಲ್‌ಗಳ ಮೇಲೆ ಬಿದ್ದರೆ ಸಾಕು, ಶಾರ್ಟ್ ಆಗುತ್ತದೆ. ಪೂರ್ತಿ ಖಾಲಿ ಮಾಡಿದ ಹಾಳು ಸೆಲ್‌ಗಳ ಮೇಲೆ ಅಭ್ಯಾಸ ಶುರುವಾಯಿತು.

ಮೊದಲ ದಿನ ಒಂದು ಬೆಸುಗೆಯೂ ನಿಲ್ಲಲಿಲ್ಲ. ಕಾಲು ಒತ್ತಿದರೆ ಟಕ್ಕೆಂದು ಸದ್ದಾಗುತ್ತಿತ್ತು, ಪಟ್ಟಿಯ ಮೇಲೆ ಕಪ್ಪು ಗುರುತು ಮೂಡುತ್ತಿತ್ತು, ಉಗುರಿನಿಂದ ಎಬ್ಬಿದರೆ ಪಟ್ಟಿ ಎದ್ದು ಬರುತ್ತಿತ್ತು. ಚಾರ್ಜ್ ಏರಿಸಿದೆ. ಪಟ್ಟಿಯೇ ಸುಟ್ಟಿತು. ಎರಡನೇ ದಿನವೂ ಹಾಗೆಯೇ. ದಿನಕ್ಕೆ ಸಾವಿರ ಬೆಸುಗೆ ಹಾಕಿದವಳು ಎಂದು ಆಪರೇಟರ್ ಮೇಡಂ ಎದುರು ಹೇಳಿಕೊಂಡಿದ್ದೆ. ಅವರು ಸಂಜೆ ಕಚೇರಿಯಿಂದ ಬಂದು ಗೇಟಿನಲ್ಲಿ ನಿಂತು, "ಇವತ್ತು?" ಎನ್ನುತ್ತಿದ್ದರು. ನಾನು, "ಇನ್ನೂ ಇಲ್ಲ," ಎನ್ನುತ್ತಿದ್ದೆ.

ಮೂರನೇ ದಿನ ಅನ್ನಕ್ಕಿಟ್ಟು ಯೋಚಿಸುತ್ತಿದ್ದಾಗ ಹೊಳೆಯಿತು. ಮೊನೆಗಳು ಅಕ್ಕಪಕ್ಕ ಇರುವಾಗ ವಿದ್ಯುತ್ತು ಸೆಲ್ಲಿಗೆ ಇಳಿಯುವ ಕಷ್ಟ ಯಾಕೆ ತೆಗೆದುಕೊಳ್ಳುತ್ತದೆ, ಮೇಲಿನ ಪಟ್ಟಿಯಲ್ಲೇ ಹಾಯ್ದು ಪಕ್ಕದ ಮೊನೆ ಸೇರಿಬಿಡುತ್ತದೆ. ಕತ್ತರಿ ತೆಗೆದುಕೊಂಡು ಪಟ್ಟಿಯ ತುದಿಯನ್ನು ನಡುವೆ ಸೀಳಿದೆ. ಒಂದು ಮೊನೆ ಸೀಳಿನ ಈ ಕಡೆ, ಇನ್ನೊಂದು ಆ ಕಡೆ. ಈಗ ಸೆಲ್ಲಿನೊಳಗೆ ಇಳಿದೇ ದಾಟಬೇಕು. ಕಾಲು ಒತ್ತಿದೆ. ಇಕ್ಕಳದಿಂದ ಪಟ್ಟಿಯ ತುದಿ ಹಿಡಿದು ಬಾಳೆಹಣ್ಣಿನ ಸಿಪ್ಪೆ ಸುಲಿಯುವ ಹಾಗೆ ಎಳೆದೆ. ಬೆಸುಗೆಯ ಎರಡು ಚುಕ್ಕೆಗಳು ಸೆಲ್ಲಿನ ಮೇಲೇ ಉಳಿದು ಪಟ್ಟಿಯಲ್ಲಿ ಎರಡು ತೂತು ಬಿದ್ದವು. ಕಾರ್ಖಾನೆಯಲ್ಲಿ ಪಾಸು ಎನ್ನುತ್ತಿದ್ದ ಬೆಸುಗೆ ಅದೇ. ಇನ್ನೂ ಇಪ್ಪತ್ತು ಹಾಕಿ, ಇಪ್ಪತ್ತನ್ನೂ ಎಳೆದು ನೋಡಿದೆ. ಅನ್ನ ತಳ ಹಿಡಿದಿತ್ತು.

ಹನ್ನೊಂದು ಸೆಲ್‌ಗಳನ್ನು ಸೂಪರ್‌ವೈಸರರ ಪವರ್ ಸಪ್ಲೈಯಿಂದ ಒಂದೊಂದಾಗಿ ಚಾರ್ಜ್ ಮಾಡಿದೆ. ಒಂದೊಂದನ್ನೂ ಸಣ್ಣ ಬಲ್ಬಿಗೆ ಕಟ್ಟಿ, ಎಷ್ಟು ಹೊತ್ತು ಉರಿಯಿತು ಎಂದು ಗಡಿಯಾರ ನೋಡಿ ನೋಟ್‌ಬುಕ್ಕಿನಲ್ಲಿ ಬರೆದೆ. ಒಂದಕ್ಕೊಂದು ಹತ್ತಿರ ಇದ್ದ ಆರನ್ನು ಆರಿಸಿದೆ. ಹಳೆಯ ಸೆಲ್‌ಗಳನ್ನೆಲ್ಲ ಬೋರ್ಡಿನಿಂದ ಕತ್ತರಿಸಿ ತೆಗೆದು, ಆರಿಸಿದ ಸೆಲ್‌ಗಳನ್ನು ಬೆಸೆದು, ಬೋರ್ಡಿಗೆ ಜೋಡಿಸಿ, ಪೆಟ್ಟಿಗೆ ಮುಚ್ಚಿ, ಲ್ಯಾಪ್‌ಟಾಪಿಗೆ ಹಾಕಿದೆ.

ಒಂದು ಕೆಂಪು ದೀಪ ಮಿಣುಕಿತು, ಅಷ್ಟೇ. ಯಂತ್ರ ಹೊತ್ತಿಕೊಳ್ಳಲಿಲ್ಲ. ಸೆಲ್‌ಗಳಲ್ಲಿ ವೋಲ್ಟೇಜ್ ಸರಿಯಾಗಿತ್ತು, ಬ್ಯಾಟರಿ ಯಂತ್ರಕ್ಕೆ ಕೂಡುವ ಹೊರಬಾಯಲ್ಲಿ ಸೊನ್ನೆ.

ಉದಯಗಿರಿಯ ಮೆಕ್ಯಾನಿಕ್ ಬ್ಯಾಟರಿಯನ್ನು ತಿರುಗಿಸಿ ನೋಡಿ, "ಎಲ್ಲಾ ಸೆಲ್ ಒಟ್ಟಿಗೇ ತೆಗೆದ್ರಾ?" ಎಂದು ಕೇಳಿದರು.

"ಹೌದು."

"ಅಯ್ಯೋ ಅಕ್ಕ. ಈ ಬೋರ್ಡಲ್ಲಿ ಒಂದು ಚಿಪ್ ಇದೆ. ಸೆಲ್‌ನಿಂದ ಕರೆಂಟ್ ನಿಂತ್ಹೋದ್ರೆ ಏನೋ ದೊಡ್ಡದಾಗಿ ಕೆಟ್ಟಿದೆ ಅಂತ ತಿಳ್ಕೊಂಡು ಬಾಗ್ಲು ಹಾಕ್ಕೊಂಡ್ಬುಡ್ತದೆ. ಮತ್ತೆ ತೆರೆಯಲ್ಲ. ನಾನೇ ಹೇಳ್ಬೇಕಿತ್ತು, ನಿಮ್ಗೆ ಗೊತ್ತಿರ್ತದೆ ಅಂದ್ಕೊಂಡೆ."

ಮೂರು ವಾರ ಕಳೆದುಹೋಗಿತ್ತು. ಬೆಸುಗೆಯ ವಿಷಯ ನನಗೆ ಗೊತ್ತಿತ್ತು, ಬ್ಯಾಟರಿಯ ವಿಷಯ ಗೊತ್ತಿರಲಿಲ್ಲ. ಆ ಎರಡನ್ನೂ ಒಂದೇ ಎಂದುಕೊಂಡು ಇನ್ನೊಬ್ಬರ ಪರೀಕ್ಷೆಯನ್ನು ಕೈಗೆ ತೆಗೆದುಕೊಂಡಿದ್ದೆ. ಆ ಸಂಜೆ ಆಪರೇಟರ್ ಮೇಡಂಗೆ ಇದನ್ನೇ ಹೇಳಿದೆ. ಸ್ಕ್ರೈಬ್ ಸಹಾಯ ತೆಗೆದುಕೊಳ್ಳುವುದು ಒಳ್ಳೆಯದೇನೋ ಎಂದೂ ಹೇಳಿದೆ.

"ಸ್ಕ್ರೈಬ್ ಬೇಕೋ ಕಂಪ್ಯೂಟರ್ ಬೇಕೋ ಅಂತ ಪರೀಕ್ಷೆಗೆ ಮೂರು ದಿನ ಮುಂಚೆ ಬರೆದುಕೊಡ್ಬೇಕು. ಎರಡೂ ಕೊಡಲ್ಲ. ಅಲ್ಲೀವರೆಗೂ ಟೈಮ್ ಇದೆಯಲ್ಲ, ನೀವು ನೋಡಿ," ಎಂದರು. ಬೇಜಾರು ಮಾಡಿಕೊಂಡಿದ್ದರೆ ನನಗೆ ಹಗುರಾಗುತ್ತಿತ್ತು.

ಮೆಕ್ಯಾನಿಕ್ ತಪ್ಪು ತಮ್ಮದೂ ಇದೆ ಎಂದುಕೊಂಡಿದ್ದರು ಎಂದು ಕಾಣುತ್ತದೆ. ಊರಿನ ಅಂಗಡಿಗಳನ್ನೆಲ್ಲ ವಿಚಾರಿಸಿ, ಒಂಬತ್ತು ದಿನದ ಮೇಲೆ ಅದೇ ಮಾದರಿಯ ಮತ್ತೊಂದು ಹಳೆಯ ಬ್ಯಾಟರಿ ಹುಡುಕಿ ತಂದರು. ಅದರ ಬೋರ್ಡಿಗೆ ಇನ್ನೂ ಜೀವ ಇತ್ತು. ಈ ಸಲ ಹೇಗೆ ಮಾಡಬೇಕೆಂದು ನಾನೂ ಸೂಪರ್‌ವೈಸರೂ ಕಾಗದದ ಮೇಲೆ ಬರೆದುಕೊಂಡೆವು. ನಾನು ಆರಿಸಿ ಬೆಸೆದಿದ್ದ ಜೋಡಿಗಳ ವೋಲ್ಟೇಜನ್ನು ಮೊದಲು ಈ ಬ್ಯಾಟರಿಯ ಹಳೆಯ ಜೋಡಿಗಳ ಮಟ್ಟಕ್ಕೇ ತರಬೇಕು, ಇಲ್ಲದಿದ್ದರೆ ಒಂದರಿಂದ ಇನ್ನೊಂದಕ್ಕೆ ಕರೆಂಟು ನುಗ್ಗುತ್ತದೆ. ಆಮೇಲೆ ಹಳೆಯವು ಇರುವಾಗಲೇ, ಬೋರ್ಡಿನ ನಾಲ್ಕು ವೈರುಗಳಿಗೆ ಆರಿಸಿದ ಸೆಲ್‌ಗಳ ವೈರುಗಳನ್ನೂ ಸೇರಿಸಬೇಕು. ಮೈನಸ್ಸಿನಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಮೇಲಕ್ಕೆ. ಎಲ್ಲ ಸೇರಿದ ಮೇಲೆ ಹಳೆಯವನ್ನು ಕತ್ತರಿಸಬೇಕು. ಬೋರ್ಡಿಗೆ ಬದಲಾವಣೆ ಆದದ್ದೇ ತಿಳಿಯಬಾರದು.

ಎರಡು ಗಂಟೆ ಹಿಡಿಯಿತು. ಲ್ಯಾಪ್‌ಟಾಪ್ ಹೊತ್ತಿಕೊಂಡಿತು. ಪೂರ್ತಿ ಚಾರ್ಜ್ ಮಾಡಿ ಓಡಿಸಿದರೆ ನಾಲ್ಕು ಗಂಟೆ ಐದು ನಿಮಿಷ ನಡೆಯಿತು. ಸೂಪರ್‌ವೈಸರ್ ತಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಅಂಚಿನ ಲೆಕ್ಕವಾದರೂ ಲೆಕ್ಕ ಸರಿಹೋಗಿತ್ತು. ಬುಧವಾರ ಬೆಳಿಗ್ಗೆ ಆಪರೇಟರ್ ಮೇಡಂ ಕಾಲೇಜಿಗೆ ಹೋಗಿ, ಸ್ಕ್ರೈಬ್ ಬೇಡ ಎಂದು ಬರೆದುಕೊಟ್ಟು ಬಂದರು. ಶನಿವಾರ ಪರೀಕ್ಷೆ.

ಅದೇ ಬುಧವಾರ ಮಧ್ಯಾಹ್ನ ಉದಯಗಿರಿಯಿಂದ ಎಂಟು ಹೊಸ ಸೆಲ್‌ಗಳೂ ಬಂದವು. ಇನ್ನು ಅವು ಬೇಕಿಲ್ಲವಲ್ಲ ಎಂದು ಮೇಜಿನ ಮೇಲಿಟ್ಟೆ. ಬ್ಯಾಟರಿ ಮತ್ತೊಮ್ಮೆ ಚಾರ್ಜ್ ಆಗುತ್ತಿತ್ತು. ಪೆಟ್ಟಿಗೆಯ ಮೇಲ್ಭಾಗಕ್ಕೆ ಇನ್ನೂ ಅಂಟು ಹಾಕಿರಲಿಲ್ಲ. ಆಪರೇಟರ್ ಮೇಡಂ ಅದನ್ನು ಮುಟ್ಟಿ ನೋಡಬಹುದೇ ಎಂದು ಕೇಳಿದರು. ಅಷ್ಟು ವಾರ ಅದರ ಬಗ್ಗೆ ಕೇಳಿದ್ದರೇ ಹೊರತು ಕೈಗೆ ತೆಗೆದುಕೊಂಡಿರಲಿಲ್ಲ. ಸೆಲ್‌ಗಳ ತುದಿಗಳಿಗೆಲ್ಲ ಕಾಗದದ ಹೊದಿಕೆ ಇದೆಯೆಂದು ಖಚಿತ ಮಾಡಿಕೊಂಡು ಕೊಟ್ಟೆ. ಅವರು ಅಂಗೈಯನ್ನು ಉದ್ದಕ್ಕೂ ನಿಧಾನವಾಗಿ ಆಡಿಸಿದರು. ಕೊನೆಯ ಜೋಡಿಯ ಹತ್ತಿರ ನಿಲ್ಲಿಸಿದರು.

"ಇದೊಂದು ಕಡೆ ಬೆಚ್ಚಗಿರ್ಬೇಕಾ?"

ನಾನು ಮುಟ್ಟಿದೆ. ನನಗೆ ಮೊದಲು ಗೊತ್ತಾಗಲಿಲ್ಲ. ಕೈ ತೊಳೆದು ಒರೆಸಿಕೊಂಡು, ಕಣ್ಣು ಮುಚ್ಚಿ ಮತ್ತೆ ಮುಟ್ಟಿದೆ. ಹೌದು, ಉಳಿದ ಐದಕ್ಕಿಂತ ಒಂದು ಸೆಲ್ ಬೆಚ್ಚಗಿತ್ತು. ಚಾರ್ಜರ್ ತೆಗೆದು ಮೀಟರ್ ಹಿಡಿದೆ. ಮೂರು ಗಂಟೆ ಬಿಟ್ಟು ಮತ್ತೆ ಹಿಡಿದಾಗ ಎರಡು ಜೋಡಿಗಳು ಇದ್ದಲ್ಲೇ ಇದ್ದವು. ಮೂರನೆಯದು ಒಂದಿಷ್ಟು ಇಳಿದಿತ್ತು. ಇಳಿದದ್ದು ವೋಲ್ಟಿನ ನೂರನೇ ಭಾಗದ ಲೆಕ್ಕದಲ್ಲಿ. ಆದರೆ ಸುಮ್ಮನೆ ಇಟ್ಟ ಸೆಲ್ ಇಳಿಯಬಾರದು. ಆ ಹಳೆಯ ಸೆಲ್ ಒಳಗೊಳಗೇ ಸೋರುತ್ತಿತ್ತು.

ಸೂಪರ್‌ವೈಸರಿಗೆ ಫೋನ್ ಮಾಡಿದೆ. "ನಾಲ್ಕು ಗಂಟೆ ನಡ್ದಿದೆಯಲ್ಲಮ್ಮ," ಎಂದರು. "ಈಗ ಬಿಚ್ಚಿದ್ರೆ ಬೋರ್ಡು ಮತ್ತೆ ಮುಚ್ಕೊಂಡ್ರೆ? ಇನ್ನೊಂದು ಬೋರ್ಡು ಎಲ್ಲಿಂದ ತರೋಣ? ಶನಿವಾರ ಒಂದು ದಿನ ಕಳೀಲಿ, ಆಮೇಲೆ ಬಿಚ್ಚು."

ಅವರ ಮಾತಿನಲ್ಲಿ ನ್ಯಾಯವಿತ್ತು. ಫೋನ್ ಇಟ್ಟು ಜಗಲಿಗೆ ಬಂದು ಕೂತೆ. ಗನ್ ಸಾಲಿನಲ್ಲಿ ನಮಗೆ ಕಲಿಸಿದ್ದ ಒಂದು ಕ್ರಮವಿತ್ತು. ಯಾವ ತುಂಡಿನ ಬಗ್ಗೆ ಸಂಶಯ ಬಂತೋ ಅದನ್ನು ಅಲ್ಲೇ ಕೆಂಪು ಟ್ರೇಗೆ ಹಾಕಬೇಕು. ಗಾಜಿನೊಳಗೆ ಸೇರಿ ಬಾಯಿ ಮುಚ್ಚಿದ ಮೇಲೆ ಅದನ್ನು ಯಾರೂ ಮುಟ್ಟಲಾರರು. ಎಷ್ಟೋ ಸಲ ಟ್ರೇಗೆ ಹಾಕಿದ್ದು ಚೆನ್ನಾಗಿಯೇ ಇದ್ದಿರಬಹುದು. ಅದಕ್ಕೆ ಯಾರೂ ನನ್ನನ್ನು ಬೈದಿರಲಿಲ್ಲ. ಈ ಬ್ಯಾಟರಿ ಒಬ್ಬ ಹೆಂಗಸಿನ ಮೊಣಕೈ ಪಕ್ಕ ನಾಲ್ಕು ಗಂಟೆ ಇರುವಂಥದ್ದು. ಅವರು ಬೇರೆ ಯಾವುದರ ಮೇಲೂ ಗಮನ ಕೊಡುವ ಸ್ಥಿತಿಯಲ್ಲಿರುವುದಿಲ್ಲ.

"ಮೇಡಂ, ನಾನಿದನ್ನ ಬಿಚ್ತೀನಿ," ಎಂದೆ. "ಹೊಸ ಸೆಲ್ ಹಾಕ್ತೀನಿ. ಬೋರ್ಡು ಕೆಟ್ಟರೆ ನಿಮಗೆ ಕಂಪ್ಯೂಟರೂ ಇಲ್ಲ, ಸ್ಕ್ರೈಬೂ ಇಲ್ಲ. ಗೊತ್ತಿದ್ದೇ ಕೇಳ್ತಿದೀನಿ."

"ಬಿಚ್ಚದೆ ಇದ್ರೆ ಏನಾಗತ್ತೆ?"

"ಏನೂ ಆಗದೇ ಇರ್ಬೋದು. ಆಗಲ್ಲ ಅಂತ ನಾನು ಹೇಳಲಾರೆ."

"ಹಂಗಾದ್ರೆ ಬಿಚ್ಚಿ. ಅದು ಬೆಚ್ಚಗಿದೆ ಅಂತ ಗೊತ್ತಾದ ಮೇಲೆ ನನ್ ಕೈಲಿ ಒಂದು ಸಾಲೂ ಬರಿಯಕ್ಕಾಗಲ್ಲ ಕಣ್ರೀ."

ಗುರುವಾರ ಬೆಳಿಗ್ಗೆ ಎಂಟೂ ಹೊಸ ಸೆಲ್‌ಗಳನ್ನು ಪರಿಚಯದ ಅಕ್ಕಸಾಲಿಗರ ಹತ್ತಿರ ತೆಗೆದುಕೊಂಡು ಹೋಗಿ ಚಿನ್ನದ ತಕ್ಕಡಿಯಲ್ಲಿ ತೂಗಿಸಿದೆ. ನಕಲಿ ಸೆಲ್ ಹಗುರವಾಗಿರುತ್ತದೆ ಎಂದು ಮೆಕ್ಯಾನಿಕ್ ಹೇಳಿದ್ದರು. ಎಂಟೂ ಒಂದೇ ತೂಕ ಬಂದವು. ಎರಡು ಸೆಲ್‌ಗಳನ್ನು ಬಲ್ಬಿಗೆ ಕಟ್ಟಿದೆ. ಹಳೆಯವುಗಳಿಗಿಂತ ಕಾಲು ಭಾಗ ಹೆಚ್ಚು ಹೊತ್ತು ಉರಿದವು. ಆಮೇಲೆ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದೆ.

ಸೂಪರ್‌ವೈಸರ್ ಮಧ್ಯಾಹ್ನ ತಾವಾಗಿಯೇ ಬಂದರು. ಬೇಡ ಎಂದಿದ್ದವರು ಚಪ್ಪಲಿ ಬಿಟ್ಟು, ನೇರ ಕೆಪಾಸಿಟರುಗಳಿಗೆ ಚಾರ್ಜ್ ತುಂಬಲು ಕೂತರು. ನಾನು ಬೆಸೆಯಲು ಶುರುಮಾಡಿದೆ. ನಾಲ್ಕು ಸೆಲ್‌ಗಳು ಸರಿಯಾಗಿ ಕೂತವು. ಐದನೆಯದರ ತಳಕ್ಕೆ ಪಟ್ಟಿಯಿಟ್ಟು ಕಾಲು ಒತ್ತಿದಾಗ ಪಟ್ ಎಂದು ಕಿಡಿ ಹಾರಿತು. ತಳದಲ್ಲಿ ಸೂಜಿಮೊನೆಯಷ್ಟು ತೂತು. ಸಿಹಿಯಾದ, ನೇಲ್ ಪಾಲಿಶ್ ತರಹದ ವಾಸನೆ ಬಂತು. ಇಕ್ಕಳದಲ್ಲಿ ಹಿಡಿದು ಮರಳಿನ ಬಕೆಟ್ಟಿಗೆ ಹಾಕಿ, ಬಕೆಟ್ಟನ್ನು ಹಿತ್ತಲಿನ ದೂರದ ಮೂಲೆಗೆ ಒಯ್ದಿಟ್ಟೆ.

"ಮೊನೆ ಉಜ್ಜಿದ್ಯಾ?" ಎಂದು ಸೂಪರ್‌ವೈಸರ್ ಕೇಳಿದರು.

ಉಜ್ಜಿರಲಿಲ್ಲ. ಹತ್ತು ಬೆಸುಗೆಗೊಮ್ಮೆ ಎಮೆರಿ ಕಾಗದದಿಂದ ಮೊನೆ ಉಜ್ಜಬೇಕು ಎಂಬುದು ಸಾಲಿಗೆ ಹೊಸದಾಗಿ ಬಂದವರಿಗೆ ನಾನೇ ಹೇಳಿಕೊಡುತ್ತಿದ್ದ ಮೊದಲ ಪಾಠ. ಗಾಬರಿಯಲ್ಲಿ ಅದನ್ನೇ ಮರೆತಿದ್ದೆ. "ಎದ್ದು ಒಂದ್ ಲೋಟ ಕಾಫಿ ಮಾಡಮ್ಮ," ಎಂದರು ಅವರು. ಕಾಫಿ ಮಾಡಿ, ಇಬ್ಬರೂ ಕುಡಿದು, ಮೊನೆಗಳನ್ನು ಹೊಳೆಯುವ ಹಾಗೆ ಉಜ್ಜಿ ಮತ್ತೆ ಕೂತೆ. ಹೆಚ್ಚುವರಿ ತರಿಸಿದ್ದ ಎರಡರಲ್ಲಿ ಒಂದನ್ನು ತೆಗೆದುಕೊಂಡೆ. ಆಮೇಲಿನ ಬೆಸುಗೆಗಳೆಲ್ಲ ಒಂದೇ ಸದ್ದಿನಲ್ಲಿ ಬಿದ್ದವು.

ಆಮೇಲೆ ಇಬ್ಬರೂ ಬೋರ್ಡಿಗೆ ಸೇರಿಸಲು ಶುರುಮಾಡಿದೆವು. ಮೈನಸ್ಸು, ಮೊದಲ ಮೆಟ್ಟಿಲು, ಎರಡನೆಯದು, ಪ್ಲಸ್ಸು. ಅವರು ಕಾಗದದಲ್ಲಿ ಬರೆದದ್ದನ್ನು ಓದಿ ಹೇಳುತ್ತಿದ್ದರು, ನಾನು ಅದನ್ನೇ ಬಾಯಲ್ಲಿ ಮತ್ತೊಮ್ಮೆ ಹೇಳಿ ಮಾಡುತ್ತಿದ್ದೆ. ಹಳೆಯ ಪಟ್ಟಿಗಳನ್ನು ಕತ್ತರಿಸುವಾಗ ಒಂದೊಂದು ತುದಿಗೂ ಕೂಡಲೇ ಟೇಪು ಸುತ್ತಿದೆ. ಕೊನೆಯದನ್ನು ಕತ್ತರಿಸಿ ಮೀಟರ್ ಹಿಡಿದಾಗ ಹೊರಬಾಯಲ್ಲಿ ಹನ್ನೊಂದು ವೋಲ್ಟು ಚಿಲ್ಲರೆ ತೋರಿಸಿತು.

"ಬೋರ್ಡಿಗೆ ಗೊತ್ತೇ ಆಗ್ಲಿಲ್ಲ," ಎಂದರು ಸೂಪರ್‌ವೈಸರ್.

ಶುಕ್ರವಾರ ಪೂರ್ತಿ ಚಾರ್ಜ್ ಮಾಡಿ, ಪರದೆಯ ಬೆಳಕನ್ನು ಕಡಿಮೆ ಮಾಡಿ ಓಡಿಸಿದೆವು. ಆಪರೇಟರ್ ಮೇಡಂ ರಜೆ ಹಾಕಿ ಬಂದು, ನಮ್ಮ ಜಗಲಿಯಲ್ಲೇ ಕೂತು ಹಳೆಯ ಪ್ರಶ್ನೆ ಪತ್ರಿಕೆಯೊಂದಕ್ಕೆ ಉತ್ತರ ಟೈಪ್ ಮಾಡಿದರು. ನಾಲ್ಕು ಗಂಟೆ ನಲವತ್ತು ನಿಮಿಷ. ಅರ್ಧ ಗಂಟೆಗೊಮ್ಮೆ ಅವರು ಬ್ಯಾಟರಿಯ ಮೇಲೆ ಅಂಗೈ ಇಡುತ್ತಿದ್ದರು, ನಾನೂ ಇಡುತ್ತಿದ್ದೆ. ಎಲ್ಲ ಕಡೆಯೂ ಒಂದೇ ಬಿಸಿ. ಮತ್ತೆ ಚಾರ್ಜ್ ಮಾಡಿ, ಹೋಳುಗಳಿಗೆ ಅಂಟು ಹಾಕಿ ಮುಚ್ಚಿದೆ.

ಶನಿವಾರ ಬೆಳಿಗ್ಗೆ ಇಬ್ಬರೂ ಆಟೋದಲ್ಲಿ ಕಾಲೇಜಿಗೆ ಹೋದೆವು. ಮೇಲ್ವಿಚಾರಕರು ಲ್ಯಾಪ್‌ಟಾಪ್ ಪರೀಕ್ಷಿಸಿ, ಇಯರ್‌ಫೋನ್ ತಮ್ಮ ಕಿವಿಗೂ ಹಾಕಿ ನೋಡಿ, ಅವರನ್ನು ಒಳಗೆ ಕರೆದುಕೊಂಡು ಹೋದರು. ನಾನು ಹೊರಗೆ ಕಲ್ಲಿನ ಬೆಂಚಿನ ಮೇಲೆ ಕೂತೆ. ಹತ್ತಕ್ಕೆ ಗಂಟೆ ಹೊಡೆಯಿತು.

ಹನ್ನೊಂದೂಕಾಲಿಗೆ ಕರೆಂಟು ಹೋಯಿತು. ಎಲ್ಲ ಕೊಠಡಿಗಳ ಫ್ಯಾನುಗಳೂ ಒಟ್ಟಿಗೆ ನಿಂತವು. ಆ ಮೌನದಲ್ಲಿ ಒಳಗಿನಿಂದ ಕೀಲಿಮಣೆಯ ಟಕಟಕ ಸದ್ದು ಸಣ್ಣಗೆ ಕೇಳುತ್ತಿತ್ತು. ನಾನು ಅದನ್ನೇ ಕೇಳುತ್ತ ಕೂತೆ. ಒಮ್ಮೊಮ್ಮೆ ಸದ್ದು ನಿಲ್ಲುತ್ತಿತ್ತು. ಯೋಚಿಸುತ್ತಿರಬಹುದು ಎಂದುಕೊಳ್ಳುತ್ತಿದ್ದೆ. ಮತ್ತೆ ಶುರುವಾಗುವವರೆಗೆ ಸೆರಗಿನ ತುದಿಯನ್ನು ಹಿಂಡುತ್ತಿದ್ದೆ.

ಒಂದು ಗಂಟೆಗೆ ಸ್ವಲ್ಪ ಮುಂಚೆ ಸದ್ದು ನಿಂತಿತು. ಬಹಳ ಹೊತ್ತು ಬರಲಿಲ್ಲ. ಮೇಲ್ವಿಚಾರಕರು ಬಾಗಿಲಿಗೆ ಬಂದು ಆಚೀಚೆ ನೋಡಿ, ನನ್ನ ಕಡೆ ಕೈ ಮಾಡಿದರು. ಎದ್ದು ನಿಂತೆ.

"ಆ ಮೇಡಂ ಜೊತೆ ಬಂದೋರು ನೀವೇ ಅಲ್ವಾ?"

"ಹೌದು ಸಾರ್."

"ಅವರ ನೀರಿನ ಬಾಟ್ಲು ಖಾಲಿಯಾಗಿದೆ. ಸ್ವಲ್ಪ ತುಂಬಿಸಿಕೊಡ್ತೀರಾ?"

ನಲ್ಲಿಯ ಹತ್ತಿರ ಹೋಗಿ ಬಾಟಲು ತುಂಬಿಸುವಾಗ ಅರ್ಧ ನೀರು ಹೊರಗೇ ಚೆಲ್ಲಿತು. ಕೊಟ್ಟು ಬಂದು ಕೂತ ಮೇಲೆ ಮತ್ತೆ ಟಕಟಕ ಶುರುವಾಯಿತು.

ಉಳಿದ ವಿದ್ಯಾರ್ಥಿಗಳೆಲ್ಲ ಹೊರಟುಹೋದರು. ಎರಡು ಗಂಟೆಗೆ ಕೊನೆಯ ಗಂಟೆ ಹೊಡೆಯಿತು. ಅಷ್ಟರಲ್ಲಿ ಕರೆಂಟು ಬಂದಿತ್ತು. ಉತ್ತರಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಮುದ್ರಿಸಿ, ಪುಟಗಳಿಗೆಲ್ಲ ಸಹಿ ಮಾಡಿಸುವುದಕ್ಕೆ ಮತ್ತೆ ಅರ್ಧ ಗಂಟೆ. ಕೊನೆಗೆ ಆಪರೇಟರ್ ಮೇಡಂ ಮಡಿಸಿಟ್ಟಿದ್ದ ಬಿಳಿ ಕೋಲು ಬಿಡಿಸಿಕೊಂಡು ಹೊರಗೆ ಬಂದರು. ಮುಖ ಕೆಂಪಗಾಗಿತ್ತು. ನನ್ನ ಹೆಜ್ಜೆ ಸದ್ದು ಕೇಳಿದ್ದೇ ಶುರುಮಾಡಿದರು.

"ಆ ಮೂರನೇ ಪ್ರಶ್ನೆ ಸಿಲಬಸ್ಸಲ್ಲೇ ಇಲ್ಲ ಕಣ್ರೀ. ಯಾರು ಪೇಪರ್ ತೆಗೀತಾರೋ ಏನೋ. ಇದ್ದಿದ್ರೂ ಹಿಂಗಾ ಕೇಳೋದು? ಅರ್ಧ ಗಂಟೆ ಅದಕ್ಕೇ ಹೋಯ್ತು. ಐದನೇದು ಚೆನ್ನಾಗಿ ಬರ್ದಿದ್ದೀನಿ, ಬರ್ದಿದ್ದನ್ನ ಎರಡು ಸಲ ಓದಿಸ್ಕೊಂಡು ತಿದ್ದಿದೆ. ಆದ್ರೆ ಆ ಮೂರನೇದು..."

ಮೆಟ್ಟಿಲು ಇಳಿದು, ಅಂಗಳ ದಾಟಿ, ಗೇಟಿನವರೆಗೂ ಮೂರನೇ ಪ್ರಶ್ನೆಯನ್ನೇ ಬೈಯುತ್ತ ಬಂದರು. ನಾನು ಲ್ಯಾಪ್‌ಟಾಪಿನ ಚೀಲ ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದೆ. ಕೊನೆಗೆ ತಡೆಯಲಾರದೆ, "ಮೇಡಂ, ಬ್ಯಾಟರಿ?" ಎಂದೆ.

"ಬ್ಯಾಟರಿ ಏನು?" ಎಂದು ನಿಂತರು. ಒಂದು ಗಳಿಗೆ ಬೇಕಾಯಿತು ಅವರಿಗೆ. "ಅಯ್ಯೋ. ಅದು ಇತ್ತು ಅನ್ನೋದೇ ಮರ್ತ್ಹೋಗಿತ್ತು ನಂಗೆ."

ಆ ಪತ್ರಿಕೆಯಲ್ಲಿ ಅವರು ಪಾಸಾದ ವಿಷಯ ತಿಳಿದದ್ದು ಎರಡು ತಿಂಗಳ ಮೇಲೆ. ಬೀದಿಗೆಲ್ಲ ಮೈಸೂರ್‌ಪಾಕ್ ಹಂಚಿದರು. ಆದರೆ ನನ್ನ ಮಟ್ಟಿಗೆ ಆ ಐದು ವಾರಗಳು ಮುಗಿದದ್ದು ಗೇಟಿನ ಹತ್ತಿರ, ಅವರು ಹಾಗೆಂದ ಗಳಿಗೆಯಲ್ಲಿ. ಬೆಳಿಗ್ಗೆಯಿಂದ ನಾನು ಏನೂ ತಿಂದಿರಲಿಲ್ಲ ಎಂಬುದು ಆಗ ನೆನಪಾಯಿತು. ರಸ್ತೆಯಾಚೆ ಇದ್ದ ಹೋಟೆಲ್ಲಿಗೆ ಹೋಗಿ ಎದುರುಬದುರು ಕೂತೆವು. ಅವರು ಮತ್ತೆ ಮೂರನೇ ಪ್ರಶ್ನೆಗೆ ಹಿಂದಿರುಗಿದರು. ನಾನು ಎರಡು ಮಸಾಲೆ ದೋಸೆ ತಿಂದೆ.